ಆಲ್ಡೋ ಫುಸ್ಕೊ ಕೇಳಿದ ಹಾಡು

ಆಲ್ಡೋ ಫುಸ್ಕೊ ತನ್ನ ಜೀವಮಾನದಲ್ಲಿ ಹೇಳಿದ ಸುಳ್ಳುಗಳೆಲ್ಲ ಹಾಸಿಗೆಗೆ ಸಂಬಂಧಪಟ್ಟವು. ನ್ಯೂ ಹೇವನ್ ಪಟ್ಟಣದ ಹಾಸಿಗೆ ಅಂಗಡಿಯೊಂದರಲ್ಲಿ ಕೂದಲು ನರೆಯುವವರೆಗೂ ಮಾರಾಟಕ್ಕೆ ನಿಂತವನು ಅವನು. 'ಇದರ ಸ್ಪ್ರಿಂಗು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಕುಗ್ಗೋದಿಲ್ಲ' ಎಂದು ಅವನು ಹೇಳಿದ್ದನ್ನು ನಂಬಿ ಮಲಗಿದವರು ಊರ ತುಂಬ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು. ಅದು ವೃತ್ತಿಧರ್ಮ, ದೇವರು ಅಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ಅವನು ಸುಳ್ಳು ಹೇಳಿದ್ದು ಒಂದೇ ಸಲ, ಅದೂ ಹೆಂಡತಿಯ ತಮ್ಮ ವಿನ್ನಿಯ ಬಾಯಿ ಮುಚ್ಚಿಸುವುದಕ್ಕೆ. ಅದು ಹೋಗಿ ಹೋಗಿ ಒಂದು ಹೆಣದ ಮುಂದೆ ನಿಲ್ಲುತ್ತದೆಂದು ಯಾರು ಎಣಿಸಿದ್ದರು?

ಭಾನುವಾರ ಚರ್ಚು ಮುಗಿದ ಮೇಲೆ ವಿನ್ನಿಯ ಮನೆಯಲ್ಲಿ ಊಟ. ವಿನ್ನಿಗೆ ಕಾರು ತೊಳೆಯುವ ಎರಡು ಅಂಗಡಿಗಳಿದ್ದವು. ಆಲ್ಡೋಗೆ ಪಿಂಚಣಿ ಇತ್ತು, ಸೊಂಟನೋವಿತ್ತು. ಆದ್ದರಿಂದ ಆ ಮೇಜಿನಲ್ಲಿ ಮಾತಾಡುವವನು ವಿನ್ನಿ, ಬಾಯಿ ಮುಚ್ಚಿಕೊಂಡು ಮಾಂಸದುಂಡೆ ತಿನ್ನುವವನು ಆಲ್ಡೋ ಎಂದು ಯಾರೂ ಬರೆಯದ ಕಾನೂನೊಂದು ಇಪ್ಪತ್ತು ವರ್ಷದಿಂದ ಜಾರಿಯಲ್ಲಿತ್ತು.

ಆ ಭಾನುವಾರ ವಿನ್ನಿ ನ್ಯೂಯಾರ್ಕಿಗೆ ಹೋಗಿ 'ಹಡಗು ತಪ್ಪಿಸಿಕೊಂಡವರು' ಎಂಬ ಸಂಗೀತ ನಾಟಕ ನೋಡಿ ಬಂದಿದ್ದ. ನಲವತ್ತು ವರ್ಷದ ಹಳೆಯ ನಾಟಕ. ಈಗ ಧೂಳು ಕೊಡವಿ ಮತ್ತೆ ರಂಗಕ್ಕೆ ತಂದಿದ್ದರು. ವಿನ್ನಿ ಅದರ ಒಂದೊಂದು ಹಾಡನ್ನೂ ಬಾಯಲ್ಲಿ ಸಾರು ಇಟ್ಟುಕೊಂಡೇ ಹಾಡಿ ತೋರಿಸಿದ.

"ಮುಂದಿನ ಸಾಲಲ್ಲೇ ಕೂತಿದ್ದೆ! ನಾಯಕಿ ಹಾಡೋವಾಗ ಅವಳ ಎಂಜಲು ಹಾರಿ ನನ್ನ ಕೋಟಿನ ಮೇಲೆ ಬಿತ್ತು ಅಂದ್ರೆ ನೋಡು!"

"ಒಗೆಯೋಕೆ ಹಾಕಿದ್ಯಾ?" ಎಂದು ಕೇಳಿದಳು ಅವನ ಅಕ್ಕ, ಆಲ್ಡೋನ ಹೆಂಡತಿ ಫಿಲೊಮಿನಾ.

"ಒಗೆಯೋದಾ? ಅದು ಕಲೆ ಕಣೇ ಫಿಲ್, ಕಲೆ!"

"ಕಲೆ ಅಂತಲೇ ಒಗೆಯೋಕೆ ಹೇಳಿದ್ದು."

ವಿನ್ನಿ ಅದನ್ನು ಕಿವಿಗೆ ಹಾಕಿಕೊಳ್ಳದೆ ಆಲ್ಡೋನ ಕಡೆ ತಿರುಗಿದ. "ನಿನಗೆಲ್ಲಿ ಗೊತ್ತಾಗಬೇಕು ಇದೆಲ್ಲ. ನಿನ್ನ ಹಾಸಿಗೆ ಕಿರುಗುಟ್ಟೋದೇ ನಿನಗೆ ಸಂಗೀತ."

ಮೇಜಿನ ಸುತ್ತ ಎಲ್ಲರೂ ನಕ್ಕರು. ವಿನ್ನಿಯ ಹೆಂಡತಿ ನಕ್ಕಳು, ಅತ್ತೆಯ ಕಡೆಯ ಮುದುಕಿಯೊಬ್ಬಳು ಕಿವಿ ಕೇಳದಿದ್ದರೂ ನಕ್ಕಳು. ಆಲ್ಡೋ ಫೋರ್ಕು ಕೆಳಗಿಟ್ಟ. ಹಿಂದಿನ ದಿನ ಕ್ಷೌರದಂಗಡಿಯಲ್ಲಿ ಹಳೇ ಪತ್ರಿಕೆಯೊಂದರಲ್ಲಿ ಇದೇ ನಾಟಕದ ವಿಷಯ ನಾಲ್ಕು ಸಾಲು ಓದಿದ್ದ. ಐದನೆಯ ಸಾಲಿಗೆ ಬರುವಷ್ಟರಲ್ಲಿ ಕ್ಷೌರಿಕ ಅವನ ತಲೆಯನ್ನು ಆಚೆ ತಿರುಗಿಸಿದ್ದ. ನಾಲ್ಕು ಸಾಲಿನ ಪಾಂಡಿತ್ಯ ಎಷ್ಟು ಅಪಾಯಕಾರಿ ಎನ್ನುವುದನ್ನು ಲೋಕ ಇನ್ನೂ ಸರಿಯಾಗಿ ಅರಿತಿಲ್ಲ.

"ಅಸಲಿ ಹಾಡು ಅದರಲ್ಲಿ ಇಲ್ಲವೇ ಇಲ್ಲ," ಎಂದ ಆಲ್ಡೋ.

"ಏನಂದೆ?"

"ನೀನು ಕೇಳಿ ಬಂದಿದ್ದು ಎಂಜಲು. 'ನನ್ನ ಕೊಡೆ ಯಾರ ಹತ್ತಿರ ಇದೆ' ಅಂತ ಒಂದು ಹಾಡಿತ್ತು. ನಾಟಕ ಮೊದಲು ನಮ್ಮೂರಿಗೆ ಬಂದಾಗ ಇತ್ತು. ಇಲ್ಲೇ ಕತ್ತರಿಸಿ ಬಿಸಾಡಿದರು. ಅದರ ಮುಂದೆ ಉಳಿದವೆಲ್ಲ ಕಸ. ನಾನು ಕೇಳಿದೀನಿ."

ಆ ಕಾಲದಲ್ಲಿ ನ್ಯೂಯಾರ್ಕಿಗೆ ಹೋಗುವ ನಾಟಕಗಳೆಲ್ಲ ಮೊದಲು ನಮ್ಮ ಕಾಲೇಜ್ ರಸ್ತೆಯ ನಾಟಕಶಾಲೆಯಲ್ಲಿ ಒಂದು ವಾರ ಆಡಿ, ಉದ್ದ ಎಳೆದದ್ದನ್ನು ಮೊಟಕುಮಾಡಿ, ಜನ ಆಕಳಿಸಿದ ಹಾಡನ್ನು ಕಿತ್ತುಹಾಕಿ ಮುಂದೆ ಹೋಗುತ್ತಿದ್ದವು. ನ್ಯೂಯಾರ್ಕಿನವರ ಊಟಕ್ಕೆ ಉಪ್ಪು ನೋಡುವವರು ನಾವು. ಆಲ್ಡೋ ಆ ವಾರದ ಮೊದಲ ದಿನ ಆ ನಾಟಕಕ್ಕೆ ಹೋಗಿದ್ದದ್ದೂ ನಿಜವೇ. ಟಿಕೆಟು ಕೊಟ್ಟು ಒಳಗೆ ಹೋದದ್ದು ಅವನಿಗೆ ನೆನಪಿತ್ತು, ಆಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದದ್ದು ನೆನಪಿತ್ತು. ನಡುವಿನದು ಮಾತ್ರ ಮಸುಕು.

ವಿನ್ನಿಯ ಮುಖದ ಬಣ್ಣ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮೇಜಿನಲ್ಲಿ ಆಲ್ಡೋ ಎರಡನೇ ಸಲ ಸಿಹಿ ಬಡಿಸಿಕೊಂಡ.

ಸೋತವನು ಸುಮ್ಮನಿರುತ್ತಾನೆಯೇ? ವಿನ್ನಿ ಊರೆಲ್ಲ ವಿಚಾರಿಸಿ, ಇಂಥ ಕತ್ತರಿ ಬಿದ್ದ ಹಾಡುಗಳ ಪರಿಣತರೇ ಇರುವ ಸಂಘವೊಂದಿದೆ ಎಂದು ಪತ್ತೆಹಚ್ಚಿ, ಅವರಿಗೆ ಫೋನು ಮಾಡಿದ. "ನಮ್ಮ ಭಾವ ಒಬ್ಬ ಹೀಗೆ ಬೊಗಳೆ ಬಿಡ್ತಿದಾನೆ, ಬಂದು ಸ್ವಲ್ಪ ಬೆವರಿಳಿಸಿ" ಎಂದು ಹೇಳಬೇಕೆಂದಿದ್ದ. ಮೊದಲರ್ಧ ಹೇಳುವಷ್ಟರಲ್ಲಿ ಆ ಕಡೆಯಿಂದ ಏನೋ ಬಿದ್ದು ಒಡೆದ ಸದ್ದು ಕೇಳಿಸಿತು.

ಮರುದಿನ ಮಧ್ಯಾಹ್ನ ಆಲ್ಡೋನ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಮಿಸ್ ಪೆನ್‌ರೋಸ್. ಮಕ್ಕಳಿಗೆ ಲ್ಯಾಟಿನ್ ಕಲಿಸಿ ನಿವೃತ್ತರಾದವರು, ಸಂಘದ ಅಧ್ಯಕ್ಷೆ, ಕೈಯಲ್ಲಿ ನಿಂಬೆಹಣ್ಣಿನ ಕೇಕು. ಇನ್ನೊಬ್ಬರು ಕೆಚಮ್ ಅವರು. ಊರಿನ ಹೆಣಗಳಿಗೆ ಕೋಟು ತೊಡಿಸಿ, ಕೆನ್ನೆಗೆ ಬಣ್ಣ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು ಕಳಿಸಿಕೊಡುವ ವೃತ್ತಿಯವರು, ಸಂಘದ ಖಜಾಂಚಿ. ಕೆಚಮ್ ಅವರನ್ನು ಕಂಡ ಪಕ್ಕದ ಮನೆಯ ಮಿಸೆಸ್ ಡೊಂಬ್ರೋಸ್ಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಬೇಲಿಯ ಆಚೆಯಿಂದ ಕೂಗಿ ಕೇಳಿದರು: "ಅಯ್ಯೋ, ಯಾವಾಗ ಹೋದರು?"

"ಇನ್ನೂ ಇದೀನಿ!" ಎಂದ ಆಲ್ಡೋ.

ಮಿಸ್ ಪೆನ್‌ರೋಸ್ ಅವನ ಎರಡೂ ಕೈ ಹಿಡಿದುಕೊಂಡರು. "ಮಿಸ್ಟರ್ ಫುಸ್ಕೊ, ಆ ಹಾಡು ಹಾಡಿದ್ದು ಮೊದಲ ದಿನ ಮಾತ್ರ. ಹಾಡಿದವಳು ತೀರಿಹೋದಳು. ವಾದ್ಯದವರೆಲ್ಲ ತೀರಿಹೋದರು. ಬರೆದ ಹಾಳೆ ರೈಲಿನಲ್ಲಿ ಕಳೆದುಹೋಯಿತು. ಕೇಳಿದವರು ಒಬ್ಬರಾದರೂ ಬದುಕಿದಾರಾ ಅಂತ ನಾವು ಹುಡುಕದ ಜಾಗ ಇಲ್ಲ."

"ನನ್ನ ಹತ್ತಿರ ಬಂದವರನ್ನೂ ವಿಚಾರಿಸಿದ್ದೆ," ಎಂದರು ಕೆಚಮ್ ಮೆಲುದನಿಯಲ್ಲಿ. "ಅಂದರೆ, ಅವರ ಮನೆಯವರನ್ನ."

ಸತ್ಯ ಹೇಳಿಬಿಡಬೇಕೆಂದು ಆಲ್ಡೋ ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಬೀದಿಯ ಕಡೆ ಹೋಯಿತು. ಅಲ್ಲಿ ವಿನ್ನಿ ತನ್ನ ಕಾರಿಗೆ ಒರಗಿ, ಎದೆಯ ಮೇಲೆ ಕೈ ಕಟ್ಟಿ, ಸರ್ಕಸ್ಸಿಗೆ ಬಂದವನ ಹಾಗೆ ಹಲ್ಲು ಕಿರಿಯುತ್ತ ನಿಂತಿದ್ದ.

"ಒಳಗೆ ಬನ್ನಿ," ಎಂದ ಆಲ್ಡೋ. "ಅದೊಂದು ಹಾಡು, ಏನು ಹೇಳಲಿ!"

ಸಂಘದ ಸಭೆ ನಡೆಯುತ್ತಿದ್ದದ್ದು ಕೆಚಮ್ ಅವರ ಹೆಣದ ಮನೆಯಲ್ಲಿ. ಅಲ್ಲಿ ಕುರ್ಚಿಗಳಿದ್ದವು, ಪಿಯಾನೋ ಇತ್ತು, ಬಾಡಿಗೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರಾದರೂ ಮಲಗಿದ್ದ ದಿನ ಸದಸ್ಯರು ಮೆಲ್ಲಗೆ ಹಾಡುತ್ತಿದ್ದರು. ಈ ಸಂಘದ ಸಿದ್ಧಾಂತ ಬಹಳ ಕಠಿಣವಾದದ್ದು. ನಾಟಕದಲ್ಲಿ ಉಳಿದುಕೊಂಡ ಹಾಡೆಂದರೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಜನಕ್ಕೆ. ಕತ್ತರಿ ಬಿದ್ದ ಹಾಡಿನಲ್ಲೇ ಕವಿಯ ಜೀವ ಇರುವುದು. ಹಿಂದೊಮ್ಮೆ ಸದಸ್ಯನೊಬ್ಬ ಉಳಿದುಕೊಂಡ ಹಾಡೊಂದನ್ನು ಮೂಗಿನಲ್ಲಿ ಗುನುಗುತ್ತ ಸಿಕ್ಕಿಬಿದ್ದು, ಸದಸ್ಯತ್ವ ಕಳಕೊಂಡು ಮನೆಗೆ ಹೋಗಿದ್ದ.

ಆಲ್ಡೋನನ್ನು ಸಭೆಗೆ ಕರೆದ ದಿನ ಕುರ್ಚಿಗಳೆಲ್ಲ ತುಂಬಿದ್ದವು. ವಿನ್ನಿಯೂ ಬಂದು ಹಿಂದೆ ಕುಳಿತಿದ್ದ. ಮಿಸ್ ಪೆನ್‌ರೋಸ್ ಕೇಳಿದರು: "ಆ ಹಾಡಿನ ಗುಣ ಹೇಗಿತ್ತು, ಮಿಸ್ಟರ್ ಫುಸ್ಕೊ?"

ಆಲ್ಡೋಗೆ ಗುಣ ಗೊತ್ತಿದ್ದದ್ದು ಒಂದೇ ವಸ್ತುವಿನದು. ನೀರು ಕುಡಿದು ಶುರುಮಾಡಿದ.

"ಮೇಲೆ ಮೆತ್ತಗೆ. ಆದರೆ ಒಳಗೆ ಗಟ್ಟಿ. ಮೊದಲು ಮುಟ್ಟಿದರೆ ಏನೂ ಅನ್ನಿಸಲ್ಲ. ಪೂರ್ತಿ ಮೈ ಕೊಟ್ಟ ಮೇಲೆ ಗೊತ್ತಾಗುತ್ತೆ, ಎಲ್ಲಿ ನೋವಿದೆಯೋ ಅಲ್ಲೇ ಹಿಡಿದುಕೊಳ್ಳುತ್ತೆ."

ಯಾರೋ ಪೆನ್ನಿಗಾಗಿ ತಡಕಾಡಿದರು.

"ಶೋಕವೋ, ಹರ್ಷವೋ?" ಎಂದು ಮುಂದಿನ ಸಾಲಿನವರೊಬ್ಬರು ಕೇಳಿದರು.

"ಎರಡೂ ಕಡೆ ಉಪಯೋಗಿಸಬಹುದು," ಎಂದ ಆಲ್ಡೋ. "ಮೂರು ತಿಂಗಳಿಗೊಮ್ಮೆ ಮಗುಚಬೇಕು, ಅಷ್ಟೆ."

"ಎರಡು ಮುಖ!" ಎಂದು ಮಿಸ್ ಪೆನ್‌ರೋಸ್ ಕಣ್ಣೊರೆಸಿಕೊಂಡರು. "ನಲವತ್ತು ವರ್ಷದಲ್ಲಿ ಯಾವ ವಿಮರ್ಶಕನೂ ಇದನ್ನ ಹೇಳಲಿಲ್ಲ!"

ಹಾಡಿ ತೋರಿಸಿ ಎಂದು ನಾಲ್ಕು ಕಡೆಯಿಂದ ಕೂಗು ಎದ್ದಿತು. ಆಲ್ಡೋ ಗಂಟಲು ಹಿಡಿದುಕೊಂಡು ಶೀತ ಎಂದ. ವಿನ್ನಿ ಹಿಂದಿನಿಂದ, "ಜೂನ್ ತಿಂಗಳಲ್ಲಿ ಎಂಥಾ ಶೀತ!" ಎಂದ. ಆಗ ಕೊನೆಯ ಸಾಲಿನಲ್ಲಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಸುಮಾರು ಐವತ್ತರ ವಯಸ್ಸು, ಕೆಲಸದಿಂದ ನೇರ ಬಂದವಳ ಬಟ್ಟೆ, ಬಳಲಿದ ಮುಖ.

"ನನ್ನ ಹೆಸರು ಇಂಗ್ರಿಡ್ ಹಾಲ್ವರ್ಸನ್. ಆ ಹಾಡು ಕಟ್ಟಿದ್ದು ನಮ್ಮಪ್ಪ."

ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಥಿಯೊಡರ್ ಹಾಲ್ವರ್ಸನ್ ಇನ್ನೂ ಬದುಕಿದ್ದಾರೆಂದೇ ಅಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

"ಲಕ್ವ ಹೊಡೆದು ಹ್ಯಾಮ್ಡೆನ್ ವೃದ್ಧಾಶ್ರಮದಲ್ಲಿದಾರೆ. ಬೇರೆ ಎಲ್ಲ ನೆನಪಿದೆ, ಬೇಡದ್ದೂ ನೆನಪಿದೆ. ಆ ಹಾಡೊಂದು ಮಾತ್ರ ಹೋಗಿಬಿಟ್ಟಿದೆ. ದಿನಾ ಅದನ್ನೇ ಕೇಳ್ತಾರೆ, ಏನೋ ಕನ್ನಡಕ ಎಲ್ಲಿಟ್ಟೆ ಅಂತ ಕೇಳೋ ಹಾಗೆ. ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಅಂದಿದಾರೆ." ಆಕೆ ಆಲ್ಡೋನನ್ನು ನೋಡಿದಳು. "ಗುರುವಾರ ಬರ್ತೀರಾ? ಗಂಟಲು ಸರಿ ಇಲ್ಲದಿದ್ದರೂ ಪರವಾಗಿಲ್ಲ. ಅವರಿಗೆ ಒಂದೇ ಕಿವಿ ಕೇಳಿಸೋದು."

ಬರುವುದಿಲ್ಲ ಎನ್ನುವ ಮಾತು ಜಗತ್ತಿನ ಯಾವ ಭಾಷೆಯಲ್ಲೂ ಆ ಗಳಿಗೆಗೆ ಒದಗುವಂಥದ್ದಾಗಿರಲಿಲ್ಲ.

ಮನೆಗೆ ಬಂದವನೇ ಆಲ್ಡೋ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. "ಫಿಲ್, ಆ ನಾಟಕಕ್ಕೆ ನೀನೂ ಬಂದಿದ್ದೆ ತಾನೆ? ಆ ಕೊಡೆ ಹಾಡು ಹೇಗಿತ್ತು, ಸ್ವಲ್ಪ ಜ್ಞಾಪಿಸಿಕೊಳ್ಳೇ."

ಫಿಲೊಮಿನಾ ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನೀನು ಪರದೆ ಎದ್ದ ಕೂಡಲೇ ನಿದ್ದೆ ಹೋದೆ. ಪಕ್ಕದ ಬೋಳುತಲೆಯವನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದೆ. ಅವನಿಗೆ ನಾನು ಕ್ಷಮೆ ಕೇಳಿದೆ."

"ನೀನು ಎಚ್ಚರ ಇದ್ದೆಯಲ್ಲ?"

"ಎಚ್ಚರ ಇದ್ದೆ. ಆವತ್ತು ಬೆಳಿಗ್ಗೆ ನಮ್ಮಮ್ಮನ ಹೊಟ್ಟೆ ಕೊಯ್ದು, ಏನೂ ಮಾಡೋಕಾಗಲ್ಲ ಅಂತ ಹಾಗೇ ಹೊಲಿದುಬಿಟ್ಟಿದ್ದರು. ಮನಸ್ಸು ಹಗುರ ಆಗಲಿ ಅಂತ ನೀನು ನನ್ನ ಅಲ್ಲಿಗೆ ಕರಕೊಂಡು ಹೋಗಿದ್ದೆ. ನಾನು ಮೊದಲಿಂದ ಕೊನೇತನಕ ಅಳ್ತಾ ಇದ್ದೆ. ಅವರು ಹಾಡಿದರೋ ಹರಾಜು ಕೂಗಿದರೋ, ನನಗೇನು ಗೊತ್ತು."

ಆಲ್ಡೋ ಬೆಳ್ಳುಳ್ಳಿ ಸಿಪ್ಪೆಯನ್ನು ಬೆರಳಿನಿಂದ ಒಂದೆಡೆ ಒಟ್ಟಿದ. ಅತ್ತೆ ಸತ್ತದ್ದು ನೆನಪಿತ್ತು. ಅದೂ ಇದೂ ಒಂದೇ ವಾರ ಎನ್ನುವುದು ಮರೆತಿತ್ತು.

"ಹೋಗು," ಎಂದಳು ಫಿಲೊಮಿನಾ. "ಹೋಗಿ ಆ ಮನುಷ್ಯನಿಗೆ ನಿಜ ಹೇಳು. ಸಾಯೋರ ಹತ್ತಿರ ಹಾಸಿಗೆ ಮಾರಬೇಡ."

ನಿಜ ಹೇಳುವುದೆಂದು ಆಲ್ಡೋ ಮನಸಾರೆ ನಿರ್ಧರಿಸಿದ. ಇದನ್ನು ಅವನ ಪರವಾಗಿ ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ನಡೆದದ್ದನ್ನು ನೋಡಿದರೆ ಯಾರೂ ನಂಬುವುದಿಲ್ಲ.

ಗುರುವಾರ ವಿನ್ನಿಯೇ ಕಾರು ಓಡಿಸಿದ. "ಈ ಮೋಜು ನಾನು ತಪ್ಪಿಸಿಕೊಳ್ತೀನಾ?" ಎಂದ. ವೃದ್ಧಾಶ್ರಮದ ಮೊಗಸಾಲೆಯಲ್ಲಿ ಮಿಸ್ ಪೆನ್‌ರೋಸ್ ಧ್ವನಿಮುದ್ರಣದ ಯಂತ್ರ ಹಿಡಿದು ಕಾದಿದ್ದರು. ಕೆಚಮ್ ಅವರೂ ಬಂದಿದ್ದರು. ಕಪ್ಪು ಕೋಟಿನಲ್ಲಿ ಅವರು ನಡೆದು ಬಂದ ದಾರಿಯುದ್ದಕ್ಕೂ ಕೋಣೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಗಾಲಿಕುರ್ಚಿಯ ಅಜ್ಜಿಯೊಬ್ಬಳು, "ನನಗೆ ಇವತ್ತು ಚೆನ್ನಾಗೇ ಇದೆ!" ಎಂದು ಯಾರೂ ಕೇಳದಿದ್ದರೂ ಹೇಳಿ ಹೊರಟುಹೋದಳು.

ಹಾಲ್ವರ್ಸನ್ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಒಂದು ಕಾಲಕ್ಕೆ ದೊಡ್ಡ ಆಳಾಗಿದ್ದಿರಬೇಕು. ಈಗ ಮೂಳೆಗೆ ಚರ್ಮ ಹೊದಿಸಿದ ಹಾಗೆ. ಬಲಗೈ ಹೊದಿಕೆಯ ಮೇಲೆ ಸತ್ತು ಬಿದ್ದಿತ್ತು. ಎಡಗೈ ಮಾತ್ರ ಸುಮ್ಮನಿರಲಾರದೆ ಏನನ್ನೋ ಹುಡುಕುತ್ತಿತ್ತು. ಎಲ್ಲರೂ ಒಳಗೆ ನುಗ್ಗಿದ್ದನ್ನು ಕಂಡು ಅವರು ಪಿಸುದನಿಯಲ್ಲಿ ಮಗಳಿಗೆ ಏನೋ ಹೇಳಿದರು.

"ಕೇಳಿದೋನು ಒಬ್ಬನೇ ಇರಲಿ ಅಂತಾರೆ," ಎಂದಳು ಇಂಗ್ರಿಡ್. "ಆ ಡಬ್ಬಿಯೂ ಬೇಡವಂತೆ."

"ಆದರೆ ಮುಂದಿನ ತಲೆಮಾರಿಗೆ—" ಎಂದು ಮಿಸ್ ಪೆನ್‌ರೋಸ್ ಶುರುಮಾಡಿದರು.

"ಡಬ್ಬಿ ಆಚೆ," ಎಂದಿತು ಮಂಚದ ಪಿಸುದನಿ.

ಬಾಗಿಲು ಮುಚ್ಚಿಕೊಂಡಿತು. ಆಲ್ಡೋ ಟೋಪಿ ಹಿಚುಕುತ್ತ ಮಂಚದ ಬಳಿ ನಿಂತ.

"ಸಾರ್, ನಾನು ಆವತ್ತು ಅಲ್ಲಿದ್ದದ್ದು ನಿಜ. ಆದರೆ ಒಂದು ವಿಷಯ—"

"ಕೆಮ್ಮಿದ್ಯಾ?"

"ಏನು ಸಾರ್?"

"ಹಾಡಿನ ಮಧ್ಯ ಕೆಮ್ಮಿದ್ಯಾ?" ಮುದುಕರು ಎಡಗೈಯಿಂದ ಅವನ ಮಣಿಕಟ್ಟು ಹಿಡಿದರು. "ನಿಧಾನ ಆಯ್ತು, ಜನ ಕೆಮ್ಮಿದರು ಅಂತ ತೆಗೆದರು. ನಿರ್ಮಾಪಕ ಹಿಂದೆ ನಿಂತು ಕೆಮ್ಮು ಎಣಿಸಿದನಂತೆ. ನನ್ನ ಜೊತೆ ಪದ ಬರೆದೋನು, ತಮ್ಮನ ಹಾಗಿದ್ದೋನು, ಅವನೂ ಹೌದು ಅಂದ. ಆಮೇಲೆ ನಾವು ಮಾತೇ ಆಡಲಿಲ್ಲ. ಅವನು ಸತ್ತಾಗಲೂ ನಾನು ಹೋಗಲಿಲ್ಲ. ಹೇಳು. ಕೆಮ್ಮಿದ್ಯಾ?"

ಆಲ್ಡೋ ಯೋಚಿಸಿದ. ಗೊರಕೆ ಹೊಡೆಯುವವನು ಕೆಮ್ಮುವುದಿಲ್ಲ.

"ಇಲ್ಲ ಸಾರ್. ನಾನು ಕೆಮ್ಮಲಿಲ್ಲ."

"ಪಕ್ಕದಲ್ಲಿದ್ದೋರು?"

"ನನ್ನ ಹೆಂಡತಿ. ಅವಳು... ಅಳ್ತಾ ಇದ್ದಳು, ಸಾರ್."

ಎರಡೂ ಸತ್ಯ. ಅಲ್ಲಿಯವರೆಗೆ ಈ ಪ್ರಸಂಗದಲ್ಲಿ ಆಲ್ಡೋ ಹೇಳಿದ ಅಪ್ಪಟ ಸತ್ಯಗಳೆಂದರೆ ಇವೇ ಎರಡು. ಇವೇ ಅವನ ಕುತ್ತಿಗೆಗೆ ಬಂದವು. ಮುದುಕರ ಕಣ್ಣಿಂದ ನೀರು ಹರಿದು ಕಿವಿಯೊಳಗೆ ಇಳಿಯಿತು. "ಅಳ್ತಾ ಇದ್ದಳು," ಎಂದರು. "ಒಬ್ಬಳಾದರೂ ಅಳ್ತಾ ಇದ್ದಳು." ಆಮೇಲೆ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಹಾಡು," ಎಂದರು.

ಇನ್ನು ನಿಜ ಹೇಳುವುದಕ್ಕೆ ಕಟುಕನ ಎದೆ ಬೇಕು. ಓಡಿಹೋಗೋಣವೆಂದರೆ ಮಣಿಕಟ್ಟು ಅವರ ಹಿಡಿತದಲ್ಲಿತ್ತು. ಬೆವರಿಳಿಯುತ್ತಿದ್ದ ಆಲ್ಡೋಗೆ ಜನ್ಮದಲ್ಲಿ ಪೂರ್ತಿ ಬರುತ್ತಿದ್ದ ರಾಗ ಒಂದೇ: ಅವನ ಅಂಗಡಿಯವರು ರೇಡಿಯೋದಲ್ಲಿ ಹಾಕಿಸುತ್ತಿದ್ದ ಜಾಹೀರಾತು, 'ಮಲಗಿ ನೋಡಿ, ಮಲಗಿ ನೋಡಿ, ಮಲಗಿದವರೇ ಏಳರು'. ಅದೇ ರಾಗಕ್ಕೆ ಅವನು ಕೊಡೆಯನ್ನು ಸಿಕ್ಕಿಸಿದ.

"ನನ್ನ ಕೊಡೆ, ನನ್ನ ಕೊಡೆ, ಯಾರ ಹತ್ತಿರ ಇ-ದೆ-ಯೋ!"

ಮುದುಕರ ಮುಖ ಮೊದಲು ಬಿಳಿಚಿಕೊಂಡಿತು. ಆಮೇಲೆ ಕೆಂಪಾಯಿತು. ಚಳಿಗಾಲದಿಂದ ಪಿಸುಮಾತಿಗಿಂತ ಹೆಚ್ಚು ಆಡದಿದ್ದ ಗಂಟಲಿನಿಂದ ಒಂದು ಗರ್ಜನೆ ಹೊರಟಿತು.

"ಏನಯ್ಯಾ ಅದು! ಕತ್ತೆ! ಅದು ನನ್ನ ಹಾಡಾ?"

"ಸಾರ್, ನಾನು—"

"ಯಾರ ಹತ್ತಿರ ಅನ್ನೋ ಕಡೆ ಮೇಲಕ್ಕೆ ಹೋಗ್ತೀಯಲ್ಲೋ, ಬುದ್ಧಿ ಇದೆಯಾ ನಿನಗೆ? ಅವಳಿಗೆ ಗೊತ್ತಲ್ಲ ಯಾರ ಹತ್ತಿರ ಇದೆ ಅಂತ! ಗೊತ್ತಿರೋ ಪ್ರಶ್ನೆಗೆ ದನಿ ಏರುತ್ತಾ? ಇಳಿಯುತ್ತೆ! ಹೀಗೆ—"

ಮಣಿಕಟ್ಟು ಬಿಟ್ಟು ಎಡಗೈ ಗಾಳಿಯಲ್ಲಿ ಎದ್ದಿತು. ಮುದುಕರು ಆ ಸಾಲನ್ನು ಸರಿಪಡಿಸಿದರು. ಸರಿಪಡಿಸಿದ ಸಾಲು ಅದರ ಮುಂದಿನ ಸಾಲನ್ನು ಕರೆಯಿತು. ಅದು ಇನ್ನೊಂದನ್ನು. ಅವರ ಕಣ್ಣಿನಲ್ಲಿದ್ದ ಕೋಪ ಸೋಜಿಗವಾಯಿತು. ಬಾಗಿಲ ಸಂದಿಯಿಂದ ಮನೆಯೊಳಗೆ ಇಣುಕಿ, ಎಲ್ಲ ಇದ್ದ ಜಾಗದಲ್ಲೇ ಇರುವುದನ್ನು ಕಂಡವರ ಹಾಗೆ ಅವರು ಹಾಡುತ್ತ ಒಳಗೆ ಹೋದರು.

ಬಂದರಿನಲ್ಲಿ ಹಡಗು ತಪ್ಪಿಸಿಕೊಂಡ ಹೆಂಗಸು, ಮಳೆ. ಅವಳು ಹೋದವನ ಹೆಸರೆತ್ತುವುದಿಲ್ಲ. ಬರೀ ಕೊಡೆಯ ಬಗ್ಗೆಯೇ ಕೇಳುತ್ತಾಳೆ, ಅದರ ಹಿಡಿ ಹೇಗಿತ್ತು, ಎಲ್ಲಿ ಹರಿದಿತ್ತು, ಯಾರು ಹೊಲಿದು ಕೊಟ್ಟಿದ್ದರು. ಕೊನೆಗೆ, ಇರಲಿ ಬಿಡು, ಅಲ್ಲೂ ಮಳೆ ಇರಬಹುದು, ಎಂದು ನಿಲ್ಲಿಸುತ್ತಾಳೆ. ಒಡೆದ ದನಿ, ಅರ್ಧ ಬಾಯಿ ಮಾತ್ರ ಆಡುತ್ತಿತ್ತು. ಹಾಡು ಎಂದರೆ ಊಟದ ಮೇಜಿನ ಉಪದ್ರವ ಎಂದು ತಿಳಿದಿದ್ದ ಆಲ್ಡೋ ಮಂಚದ ಸರಳನ್ನು ಹಿಡಿದುಕೊಂಡು ನಿಂತ. ಕತ್ತಲಲ್ಲಿ ಪಕ್ಕದ ಕುರ್ಚಿಯಲ್ಲಿ ಸದ್ದಿಲ್ಲದೆ ಅಳುತ್ತಿದ್ದ ಹರೆಯದ ಫಿಲೊಮಿನಾ, ತಾನು ಎಂದೂ ನೋಡದಿದ್ದ ಆ ಮುಖ, ಅವನ ಕಣ್ಣಿಗೆ ಕಟ್ಟಿತು.

"ನೋಡಿದ್ಯಾ," ಎಂದರು ಮುದುಕರು. "ನಿಧಾನ ಏನಿಲ್ಲ."

"ಇಲ್ಲ ಸಾರ್. ಒಂಚೂರೂ ನಿಧಾನ ಇಲ್ಲ."

"ಹೋಗಿ ಅವರಿಗೆ ಸರಿಯಾಗಿ ಹಾಡು. ಮೇಲಕ್ಕೆ ಹೋಗಬೇಡ."

ಅವರು ಕಣ್ಣು ಮುಚ್ಚಿದರು. ದಣಿದಿದ್ದಾರೆ, ಮಲಗಲಿ ಎಂದು ಆಲ್ಡೋ ಹೊದಿಕೆಯನ್ನು ಗದ್ದದವರೆಗೆ ಎಳೆದು, ಅಭ್ಯಾಸಬಲದಿಂದ ಹಾಸಿಗೆಯ ಅಂಚನ್ನು ಒತ್ತಿ ನೋಡಿದ. ಕಳಪೆ ಮಾಲು. ಕುರ್ಚಿಯಲ್ಲಿ ಕುಳಿತು ರಾಗವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿದ, ತುಂಬಿದ ಬಟ್ಟಲು ಚೆಲ್ಲದಂತೆ ಹಿಡಿದವನ ಹಾಗೆ. ಆಮೇಲೆ ಎದ್ದು ಬಾಗಿಲು ತೆರೆದ.

ಕೆಚಮ್ ಅವರು ಬಾಗಿಲಿನಿಂದಲೇ ಒಮ್ಮೆ ಮಂಚದ ಕಡೆ ನೋಡಿ ಟೋಪಿ ತೆಗೆದರು. ನರ್ಸಿಗಿಂತ ಮೊದಲು ಅವರಿಗೆ ಗೊತ್ತಾಯಿತು.

ಇಂಗ್ರಿಡ್ ಒಳಗೆ ಓಡಿದಳು. ಮಿಸ್ ಪೆನ್‌ರೋಸ್ ಗೋಡೆಗೆ ಒರಗಿ ಅತ್ತರು. ಎಲ್ಲರಿಗಿಂತ ಜೋರಾಗಿ ಅತ್ತವನು ವಿನ್ನಿ. ಸಾವೆಂದರೆ ಅವನಿಗೆ ಮೊದಲಿಂದಲೂ ಆಗದು. ಆಲ್ಡೋನನ್ನು ತಬ್ಬಿಕೊಂಡು, "ನೀನು ಹಾಡಿ ಅವರಿಗೆ ಮುಕ್ತಿ ಕೊಟ್ಟೆ ಕಣೋ! ನಾನು ನಿನ್ನ ಸುಳ್ಳ ಅಂದುಕೊಂಡಿದ್ದೆ!" ಎಂದ.

"ನಾನಲ್ಲ ಹಾಡಿದ್ದು. ಅವರೇ ಹಾಡಿದರು."

"ಬಾಗಿಲ ಹೊರಗೆ ನಮಗೆಲ್ಲ ಕೇಳಿಸಿತು," ಎಂದರು ಮಿಸ್ ಪೆನ್‌ರೋಸ್. "ಪದ ಗೊತ್ತಾಗಲಿಲ್ಲ. ಎಂಥಾ ಗಡಸು, ಎಂಥಾ ನೋವು! ಲಕ್ವ ಹೊಡೆದವರು ಹಾಗೆ ಹಾಡ್ತಾರಾ? ವಿನಯ ಬೇಡ, ಮಿಸ್ಟರ್ ಫುಸ್ಕೊ."

"ದಯವಿಟ್ಟು ಯಾರೂ ಮಾತಾಡಬೇಡಿ," ಎಂದ ಆಲ್ಡೋ. ತಲೆಯೊಳಗೆ ರಾಗ ಇನ್ನೂ ಇತ್ತು. ಆದರೆ ಸಾವಿನ ಮನೆಯಲ್ಲಿ ಮಾತಾಡಬೇಡಿ ಎಂದರೆ ಕೇಳುವವರು ಯಾರು? ಡಾಕ್ಟರು ಬಂದು ಕೈ ಕುಲುಕಿದರು. ಪಕ್ಕದ ಕೋಣೆಯ ಟೀವಿಯಲ್ಲಿ ಯಾರೋ ಫ್ರಿಜ್ಜು ಗೆದ್ದು ಕಿರುಚಿದರು. ಲಿಫ್ಟಿನ ಸ್ಪೀಕರಿನಲ್ಲಿ ಪಿಟೀಲು ಕುಯ್ಯುತ್ತಿತ್ತು. ಮೂರನೆಯ ಸಾಲು ಅಲ್ಲೇ ಉದುರಿಹೋಯಿತು. ಉಳಿದದ್ದನ್ನು ಎರಡೂ ಕಿವಿ ಮುಚ್ಚಿಕೊಂಡು ಕಾರಿನವರೆಗೆ ತಂದ. ಕಾರಿನಲ್ಲಿ ವಿನ್ನಿ ಮೂಗೊರೆಸಿಕೊಂಡು, ತೀರಿಹೋದವರಿಗೆ ತನ್ನ ಕಡೆಯಿಂದಲೂ ಗೌರವ ಇರಲೆಂದು ಅದೇ ನಾಟಕದ ಅತಿ ಜನಪ್ರಿಯ ಹಾಡನ್ನು, ನ್ಯೂಯಾರ್ಕಿನಲ್ಲಿ ಕೇಳಿ ಬಂದದ್ದನ್ನು, ಗಂಟಲೆತ್ತಿ ಹಾಡಿದ.

"ನಿಲ್ಲಿಸೋ!" ಎಂದು ಆಲ್ಡೋ ಕಿರುಚಿದ. "ನಿಲ್ಲಿಸು!"

"ದುಃಖ ಹೊರಗೆ ಬರಲಿ, ಆಲ್ಡೋ," ಎಂದ ವಿನ್ನಿ, ಕಣ್ಣೀರಿನ ನಡುವೆ ಎರಡನೆಯ ಚರಣಕ್ಕೆ ಏರುತ್ತ.

ಬಂದರಿನ ಎಣ್ಣೆ ಟ್ಯಾಂಕುಗಳು ಕಾಣುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು. ಪದ ಅಲ್ಲಲ್ಲಿ ಉಳಿದಿತ್ತು. ರಾಗ ಹೋಗಿತ್ತು. ಮನೆ ಸೇರಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಎಷ್ಟು ತಡಕಾಡಿದರೂ ಬಾಯಿಗೆ ಬಂದದ್ದು 'ಮಲಗಿದವರೇ ಏಳರು'. ಅದನ್ನು ಕೇಳಿಸಿಕೊಂಡ ಅವನು ತೊಟ್ಟಿಯ ಅಂಚಿನ ಮೇಲೆ ಕುಳಿತು ಅತ್ತ.

ಶವಸಂಸ್ಕಾರಕ್ಕೆ ಕೆಚಮ್ ಅವರ ಮನೆ ಕಿಕ್ಕಿರಿದಿತ್ತು. ಪೆಟ್ಟಿಗೆಯಲ್ಲಿ ಹಾಲ್ವರ್ಸನ್ ಕೆನ್ನೆಗೆ ಬಣ್ಣ ಹಚ್ಚಿಸಿಕೊಂಡು, ಬದುಕಿದ್ದಾಗಿಗಿಂತ ಗೆಲುವಾಗಿ ಕಾಣುತ್ತಿದ್ದರು. ನ್ಯೂಯಾರ್ಕಿನಿಂದಲೂ ನಾಟಕದ ಮಂದಿ ಬಂದಿದ್ದರು. "ಈಗ," ಎಂದರು ಮಿಸ್ ಪೆನ್‌ರೋಸ್, "ಕೇಳಿದ ಒಬ್ಬರೇ ಒಬ್ಬರು." ಪಿಯಾನೋದವನು ಬೆರಳುಗಳನ್ನು ಸಿದ್ಧಮಾಡಿಕೊಂಡ.

ಆಲ್ಡೋ ಎದ್ದು ಪೆಟ್ಟಿಗೆಯ ಪಕ್ಕ ನಿಂತ. ಮೊದಲ ಸಾಲಿನಲ್ಲಿ ಫಿಲೊಮಿನಾ ಅವನನ್ನೇ ನೋಡುತ್ತಿದ್ದಳು.

"ನಾನು ಆವತ್ತು ನಿದ್ದೆ ಮಾಡ್ತಿದ್ದೆ," ಎಂದ. "ಏನೂ ಕೇಳಲಿಲ್ಲ. ಮೊನ್ನೆ ಅವರೇ ಹಾಡಿದರು, ಆಗ ಕೇಳಿದೆ. ಈಗ ಮರೆತುಹೋಗಿದೆ. ಹಾಡೋಕೆ ಬರಲ್ಲ. ಕ್ಷಮಿಸಿ."

ತನ್ನನ್ನು ಎತ್ತಿ ಬೀದಿಗೆಸೆಯುತ್ತಾರೆಂದು ಆಲ್ಡೋ ಕಾದ. ಅದಕ್ಕೆ ಸಿದ್ಧನಾಗಿಯೂ ಇದ್ದ. ಮಿಸ್ ಪೆನ್‌ರೋಸ್ ನಿಧಾನಕ್ಕೆ ಎದ್ದು ನಿಂತರು.

"ಕೇಳಿದಿರಾ?" ಎಂದರು ಸಭೆಗೆ. "ಕತ್ತರಿ ಬಿದ್ದ ಹಾಡು ಕತ್ತರಿ ಬಿದ್ದೇ ಇರಲಿ ಅಂತ, ತಮ್ಮ ಮರ್ಯಾದೆಯನ್ನೇ ಒತ್ತೆ ಇಟ್ಟು ಕಾಪಾಡ್ತಿದಾರೆ! ಸತ್ತವರ ಗುಟ್ಟನ್ನ ಹೀಗೆ ಕಾಯೋರು ಇದಾರಾ?"

ಸಭೆ ಎದ್ದು ನಿಂತಿತು. ನ್ಯೂಯಾರ್ಕಿನವರು ಕರವಸ್ತ್ರ ತೆಗೆದರು. ಸಂಘದ ಇತಿಹಾಸದಲ್ಲೇ ಅತ್ಯುತ್ತಮ ಹಾಡೆಂದು ಅದನ್ನು ಆ ಜಾಗದಲ್ಲೇ ಒಕ್ಕೊರಲಿನಿಂದ ತೀರ್ಮಾನಿಸಲಾಯಿತು. "ಇಲ್ಲ, ನಿಜವಾಗ್ಲೂ ನಿದ್ದೆ, ನನ್ನ ಹೆಂಡತಿನ ಕೇಳಿ!" ಎಂದು ಆಲ್ಡೋ ಕೂಗಿದ. ಫಿಲೊಮಿನಾ ಬಾಯಿ ತೆರೆದಳು, ಪಕ್ಕದವರು ಅವಳ ಕೈ ಒತ್ತಿ, "ಎಂಥಾ ಗಂಡ!" ಎಂದರು.

ಮಣ್ಣು ಮಾಡಿ ಎಲ್ಲರೂ ಚದುರಿದ ಮೇಲೆ ಇಂಗ್ರಿಡ್ ಒಬ್ಬಳೇ ಗುಂಡಿಯ ಬಳಿ ನಿಂತಿದ್ದಳು. ಆಲ್ಡೋ ಟೋಪಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತ. ಬೇಲಿಯ ಆಚೆ ವಿನ್ನಿ ಕಾರಿನಲ್ಲಿ ಫಿಲೊಮಿನಾಳನ್ನು ಕೂರಿಸಿಕೊಂಡು ಕಾಯುತ್ತಿದ್ದ.

"ನೀವು ಹೇಳಿದ್ದು ನಿಜ, ಅಲ್ವಾ?" ಎಂದು ಇಂಗ್ರಿಡ್ ತಿರುಗದೆಯೇ ಕೇಳಿದಳು.

"ಹೂಂ. ನಿಜ."

"ಅಪ್ಪ ಹಾಡಿದರು."

"ಹಾಡಿದರು. ಮೊದಲು ನನಗೆ ಕತ್ತೆ ಅಂದರು. ಆಮೇಲೆ ಹಾಡಿದರು."

ಆಕೆ ತಿರುಗಿದಳು, ತುಟಿ ನಗುವಿಗೆ ಹೋಗಿ ಅರ್ಧಕ್ಕೆ ನಿಂತಿತು. "ಮನೇಲಿ ಒಂದು ದಿನವೂ ಹಾಡಲಿಲ್ಲ. ನಾನು ಮಗುವಾಗಿದ್ದಾಗಲೂ. ಅವರಿಗೆ ಹಾಡೋಕೆ ಬರಲ್ಲ ಅಂತಲೇ ನಾನು ತಿಳಿದಿದ್ದೆ." ಆಮೇಲೆ ಕೇಳಿದಳು: "ಹೇಗಿತ್ತು?"

ಮೆತ್ತಗೆ, ಗಟ್ಟಿ ಎಂಬ ಮಾತುಗಳು ಆಲ್ಡೋನ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡ. "ಕೊನೇಲಿ ಅವಳು, ಇರಲಿ ಬಿಡು, ಅಲ್ಲೂ ಮಳೆ ಇರಬಹುದು, ಅಂತಾಳೆ," ಎಂದ. "ರಾಗ ಹೋಗಿಬಿಡ್ತು. ತಲೇಲಿ ಹಿಡಿದುಕೊಂಡೇ ಬಂದೆ ಕಣಮ್ಮ. ಹೋಗಿಬಿಡ್ತು. ಅವರ ಕೈ ಮಾತ್ರ ಕಣ್ಣ ಮುಂದಿದೆ."

"ಕೈ?"

"ಹೀಗೆ." ಆಲ್ಡೋ ಎಡಗೈ ಎತ್ತಿದ. ಅದು ಎದೆಯ ಮಟ್ಟದಿಂದ ಮೆಲ್ಲಗೆ ಇಳಿಯಿತು, ನಿಂತಿತು, ಇನ್ನೂ ಒಂದು ಮೆಟ್ಟಿಲು ಇಳಿಯಿತು. ಅಲ್ಲಿ ಸ್ವಲ್ಪ ನಡುಗಿತು. ಆಮೇಲೆ ಗೊತ್ತಾಗದಷ್ಟು ಮೇಲೆದ್ದು ಪಕ್ಕಕ್ಕೆ ಜಾರಿತು, ಯಾರದೋ ಭುಜದಿಂದ ನೀರು ಒರೆಸುವ ಹಾಗೆ.

ಇಂಗ್ರಿಡ್ ಕಣ್ಣು ಕಿರಿದು ಮಾಡಿ ಅದನ್ನೇ ನೋಡಿದಳು. "ಇನ್ನೊಂದು ಸಲ," ಎಂದಳು. ಅವನು ಇನ್ನೊಂದು ಸಲ ಮಾಡಿದ. ಆಕೆ ಕಪ್ಪು ಕೈಗವಸಿನ ಕೈಯನ್ನು ಎತ್ತಿ ಅವನ ಕೈಯ ಜೊತೆಗೇ ಇಳಿಸಿದಳು, ನಿಲ್ಲಿಸಿದಳು, ಇಳಿಸಿದಳು. ಇಬ್ಬರೂ ಮಾತಿಲ್ಲದೆ, ಸದ್ದಿಲ್ಲದೆ, ಹಸಿಮಣ್ಣಿನ ಮುಂದೆ ನಿಂತು ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು.

ಬೇಲಿಯ ಆಚೆ ಕಾರಿನೊಳಗಿದ್ದ ವಿನ್ನಿ, ಅವರು ತನಗೇ ಕೈಬೀಸುತ್ತಿದ್ದಾರೆಂದು ತಿಳಿದು, ಕಿಟಕಿಯಿಂದ ಕೈ ಹೊರಹಾಕಿ ಬೀಸಿದ; ಅವರು ನಿಲ್ಲಿಸದೆ ಇದ್ದುದರಿಂದ ತಾನೂ ನಿಲ್ಲಿಸಬಾರದೆಂದು ಬಹಳ ಹೊತ್ತು ಬೀಸುತ್ತಲೇ ಇದ್ದ.